ಸೈಕಲ್ ಹಿಂದೊಂದು ಗಾಡಿ

ಎಂಟನೇ ತರಗತಿಯಲ್ಲಿ ಒಂದು ದಿನ ಮಕ್ಕಳಿಗೆ ಪ್ರಶ್ನೆ ಹಾಕಿದೆವು: “ಮೂಕಿ ಎಂದರೆ ಏನು?” ಒಬ್ಬ ಹುಡುಗ ಥಟ್ಟನೆ ಎದ್ದು “ಮಾತು ಬಾರದವಳು ಸಾರ್” ಎಂದ. ತರಗತಿಯೆಲ್ಲ ನಕ್ಕಿತು. ಅವನ ಉತ್ತರ ತಪ್ಪಲ್ಲ. ಆದರೆ ನಾವು ಕೇಳಿದ್ದು ಇನ್ನೊಂದು ಮೂಕಿ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಅನುಮಾನದಿಂದಲೇ “ಎತ್ತಿನ ಗಾಡಿಗೆ ಮುಂದೆ ಉದ್ದಕ್ಕೆ ಇರುತ್ತಲ್ಲ, ಅದಾ ಸಾರ್? ನಮ್ಮ ತಾತ ಹೇಳ್ತಿದ್ರು” ಎಂದಳು. ಇಡೀ ತರಗತಿಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ. ಅವಳೂ ಅದನ್ನು ಕೇಳಿದ್ದಳೇ ಹೊರತು ನೋಡಿರಲಿಲ್ಲ.

ಈ ಪ್ರಶ್ನೆ ಯಾಕೆ ಬಂತು ಎಂದು ಹೇಳಬೇಕು. ನಮ್ಮ ಶಾಲೆಗೆ ಪಠ್ಯಪುಸ್ತಕದ ಕಟ್ಟುಗಳು ಬಂದಿಳಿಯುವುದು ಏಳು ಕಿಲೋಮೀಟರ್ ದೂರದ ಮಂಡಲ ಕೇಂದ್ರದಲ್ಲಿ. ಅಲ್ಲಿಂದ ಶಾಲೆಗೆ ತರುವುದು ನಮ್ಮ ಕೆಲಸ. ಗಡಿಯ ಈಚೆಗಿನ ಕನ್ನಡ ಶಾಲೆ ಎಂದ ಮೇಲೆ ಮಕ್ಕಳ ಸಂಖ್ಯೆ ಕಡಿಮೆ, ಪುಸ್ತಕದ ಕಟ್ಟುಗಳೂ ಕಡಿಮೆ. ಆಟೋ ಮಾಡಿದರೆ ಹೊರೆಗಿಂತ ಬಾಡಿಗೆಯೇ ಭಾರ. ಸೈಕಲ್ ಕ್ಯಾರಿಯರ್ ಮೇಲೆ ಹೇರಿದರೆ ಮೂರು ಸಲ ಓಡಾಡಬೇಕು. ಕ್ಯಾರಿಯರಿಗೆ ಹೆಚ್ಚು, ಆಟೋಗೆ ಕಡಿಮೆ ಎನ್ನುವ ಈ ನಡುವಿನ ಹೊರೆಗೆ ಏನು ಮಾಡುವುದು? ಸೈಕಲ್ಲಿನ ಹಿಂದೆ ಕಟ್ಟಿ ಎಳೆಯುವ ಒಂದು ಪುಟ್ಟ ಗಾಡಿಯನ್ನು ನಾವೇ ಮಾಡೋಣ ಎಂದು ಮಕ್ಕಳೂ ನಾವೂ ಸೇರಿ ನಿಶ್ಚಯಿಸಿದೆವು. ಮಾಡುವುದಕ್ಕೆ ಮೊದಲು ಹಿಂದೆ ಇದನ್ನು ಯಾರು ಮಾಡಿದ್ದಾರೆ, ಹೇಗೆ ಮಾಡಿದ್ದಾರೆ ಎಂದು ಓದಲು ಕುಳಿತೆವು. ಓದುತ್ತಾ ಹೋದಂತೆ ಅದೇ ಒಂದು ಚರಿತ್ರೆಯ ಪಾಠವಾಯಿತು. ಆ ಪಾಠವನ್ನು ಉಳಿದ ಶಾಲೆಗಳ ಸ್ನೇಹಿತರ ಜೊತೆ ಹಂಚಿಕೊಳ್ಳಲು ಈ ಬರಹ.

ಸೈಕಲ್ ಹುಟ್ಟಿದ್ದು ಹೊರೆಗಾಗಿ ಅಲ್ಲ

1817ರಲ್ಲಿ ಜರ್ಮನಿಯ ಮಾನ್‌ಹೈಮ್ ಊರಿನಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತ ಮರದ ಎರಡು ಚಕ್ರಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ನಡುವೆ ಕುಳಿತು, ಕಾಲಿನಿಂದ ನೆಲವನ್ನು ಒದೆಯುತ್ತಾ ಓಡಿಸಿದ. ಪೆಡಲ್ ಇಲ್ಲ, ಚೈನ್ ಇಲ್ಲ. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಚಕ್ರಕ್ಕೆ ಪೆಡಲ್ ಬಂತು. ಆಮೇಲೆ ಮುಂದಿನ ಚಕ್ರ ಆಳೆತ್ತರ, ಹಿಂದಿನದು ಅಂಗೈಯಗಲ ಎನ್ನುವಂಥ ಸೈಕಲ್ಲುಗಳು ಬಂದವು. ಇವೆಲ್ಲ ಉಳ್ಳವರ ಮಕ್ಕಳ ಆಟದ ಸಾಮಾನು. ಇಂಥವುಗಳ ಮೇಲೆ ಒಂದು ಚೀಲ ರಾಗಿ ಇಡುವ ಮಾತೇ ಇರಲಿಲ್ಲ.

ನಾವು ಈಗ ನೋಡುವ ಆಕಾರದ ಸೈಕಲ್ ಬಂದದ್ದು 1885ರಲ್ಲಿ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ ‘ರೋವರ್’ ಸೈಕಲ್ಲಿನಲ್ಲಿ ಎರಡೂ ಚಕ್ರ ಹೆಚ್ಚು ಕಡಿಮೆ ಒಂದೇ ಅಳತೆ, ಹಿಂದಿನ ಚಕ್ರಕ್ಕೆ ಚೈನ್. ಮೂರು ವರ್ಷದ ನಂತರ, 1888ರಲ್ಲಿ, ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಟೈರು ಹಾಕಿದ. ಗಾಳಿ ಟೈರಿನ ಯೋಚನೆಗೆ 1845ರಲ್ಲೇ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತ ಹಕ್ಕುಪತ್ರ ಪಡೆದಿದ್ದ. ಆದರೆ ಅದು ಆಗ ಬಳಕೆಗೆ ಹತ್ತಲಿಲ್ಲ. ಡನ್‌ಲಪ್ ಟೈರು ಬಂದ ಮೇಲೆ ಸೈಕಲ್ ಊರು ಕೇರಿಗಳಿಗೆ ಇಳಿಯಿತು.

ಈ ಎರಡರ ಜೊತೆ ಮೂರನೆಯದೊಂದನ್ನು ಸೇರಿಸಬೇಕು, ಅದು ಕಡ್ಡಿಯ ಚಕ್ರ. ಎತ್ತಿನ ಗಾಡಿಯ ಚಕ್ರದಲ್ಲಿ ಮರದ ದಪ್ಪ ಅರೆಗಳು ಕೆಳಗಿನಿಂದ ಭಾರವನ್ನು ಕಂಬದಂತೆ ಹೊರುತ್ತವೆ. ಸೈಕಲ್ಲಿನ ತೆಳು ಕಡ್ಡಿ ಹಾಗೆ ಹೊರಲಾರದು, ಒತ್ತಿದರೆ ಬಾಗುತ್ತದೆ. ಆದರೆ ಎಳೆದು ಬಿಗಿದಾಗ ಅದಕ್ಕೆ ಅಪಾರ ಶಕ್ತಿ. ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿದಿಟ್ಟಿರುವುದರಿಂದ ರಿಮ್ಮು ಆಕಾರ ಕೆಡದೆ ಭಾರ ತಡೆಯುತ್ತದೆ. ನಮ್ಮ ಊರಿನ ಹಳೆಯ ದೊಡ್ಡ ಸೈಕಲ್ಲನ್ನು ಗಮನಿಸಿ, ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಮಕ್ಕಳಿಗೆ ಎಣಿಸಲು ಹೇಳಿ. ಹಿಂದಿನ ಚಕ್ರಕ್ಕೆ ಭಾರ ಹೆಚ್ಚು ಎಂಬ ತಿಳಿವಳಿಕೆ ಆ ಎಂಟು ಕಡ್ಡಿಗಳಲ್ಲಿದೆ. ಸುಮಾರು 20 ಕಿಲೋ ತೂಗುವ ಸೈಕಲ್ ತನ್ನ ತೂಕದ ನಾಲ್ಕೈದು ಪಟ್ಟು ಹೊರುವುದು ಇದರ ಬಲದಿಂದ.

ಎಳೆಯುವ ಗಾಡಿ

ಸೈಕಲ್ ಹಿಂದೆ ಗಾಡಿ ಕಟ್ಟುವ ಯೋಚನೆ ಹೆಚ್ಚು ಕಾಲ ಕಾಯಲಿಲ್ಲ. 1890ರ ದಶಕದ ಯುರೋಪಿನಲ್ಲಿ ಸೈಕಲ್ಲಿನ ಹಿಂದೆ ಎರಡು ಚಕ್ರದ ಮೇಲೆ ಬೆತ್ತದ ಕುರ್ಚಿ ಕಟ್ಟಿ ಜನರನ್ನು ಕೂರಿಸಿಕೊಂಡು ಹೋಗುವುದಿತ್ತು. 1900ರ ಸುಮಾರಿಗೆ ಮೋಟಾರು ಸೈಕಲ್ ಹಿಂದೆಯೂ ಇದೇ ಕುರ್ಚಿ ಬಂತು. ಆದರೆ ಹಿಂದೆ ಕುಳಿತವರ ಮುಖಕ್ಕೆ ಹೊಗೆ ಮತ್ತು ಧೂಳು. ಮುಂದಿನವರಿಗೆ ಹಿಂದಿನವರ ಮಾತು ಕೇಳದು. ಕೊಂಡಿ ಕಳಚಿದರೂ ಗೊತ್ತಾಗದು. ಹಾಗಾಗಿ ಮೋಟಾರು ಸೈಕಲ್ಲಿನವರು ಬೇಗನೆ ಕುರ್ಚಿಯನ್ನು ಹಿಂದಿನಿಂದ ತೆಗೆದು ಪಕ್ಕಕ್ಕೆ ಹಾಕಿಕೊಂಡರು. ಕೊಂಡಿ ಕಳಚಬಾರದು, ಕಳಚಿದರೂ ಗಾಡಿ ಬಿಟ್ಟು ಹೋಗಬಾರದು ಎನ್ನುವ ಪಾಠವನ್ನು ನಾವು ಇಲ್ಲಿಂದ ಬರೆದುಕೊಂಡೆವು.

ಸೈಕಲ್ ಹಿಂದಿನ ಗಾಡಿಗೆ ನಿಜವಾದ ಕಾಲ ಬಂದದ್ದು ಕಷ್ಟದಿಂದ. 1940ರ ಮೇ-ಜೂನ್ ತಿಂಗಳಲ್ಲಿ ಜರ್ಮನ್ ಸೈನ್ಯ ಫ್ರಾನ್ಸಿನೊಳಗೆ ನುಗ್ಗಿದಾಗ ಲಕ್ಷಾಂತರ ಜನ ಮನೆ ಬಿಟ್ಟು ದಕ್ಷಿಣದ ಕಡೆಗೆ ಹೊರಟರು. ಕಾರು, ಕುದುರೆ ಗಾಡಿ, ತಳ್ಳುಗಾಡಿ, ಸೈಕಲ್, ಮಗುವಿನ ಗಾಡಿ, ಹೀಗೆ ಕೈಗೆ ಸಿಕ್ಕಿದ್ದರಲ್ಲಿ ಹೊರೆ ಹೇರಿಕೊಂಡು ನಡೆದರು. ಫ್ರಾನ್ಸ್ ಸೋತ ಮೇಲೆ 1944ರವರೆಗೂ ಸಾಮಾನ್ಯ ಜನರಿಗೆ ಪೆಟ್ರೋಲು ಸಿಗುವುದು ಬಲು ಅಪರೂಪವಾಯಿತು. ಪ್ಯಾರಿಸ್ಸಿನ ಬೀದಿಗಳಿಂದ ಮೋಟಾರುಗಳು ಮಾಯವಾಗಿ ಸೈಕಲ್ಲುಗಳು ತುಂಬಿಕೊಂಡವು. ಟ್ಯಾಕ್ಸಿಗಳ ಜಾಗಕ್ಕೆ ‘ವೆಲೋ ಟ್ಯಾಕ್ಸಿ’ ಬಂದವು. ಎಂದರೆ ಸೈಕಲ್ಲಿನ ಹಿಂದೆ ಎರಡು ಚಕ್ರದ ಪುಟ್ಟ ಗೂಡು, ಅದರೊಳಗೆ ಒಬ್ಬಿಬ್ಬರು ಪ್ರಯಾಣಿಕರು. ನಗರದಲ್ಲಿ ಪಡಿತರ ಸಾಲದೆ ಜನ ಸೈಕಲ್ ಹತ್ತಿ ಹಳ್ಳಿಗಳಿಗೆ ಹೋಗಿ ಆಲೂಗಡ್ಡೆ, ತರಕಾರಿ, ಮೊಟ್ಟೆ ತರುತ್ತಿದ್ದರು. ಹಳೆಯ ಚಕ್ರ, ಪೆಟ್ಟಿಗೆ, ಹಲಗೆ ಸೇರಿಸಿ ಮನೆಯಲ್ಲೇ ಮಾಡಿದ ಗಾಡಿಗಳು ಈ ಕೆಲಸಕ್ಕೆ ಬಂದವು. ರಬ್ಬರಿನ ಅಭಾವ ಎಷ್ಟಿತ್ತೆಂದರೆ, ಟೈರು ಸವೆದಾಗ ತೋಟಕ್ಕೆ ನೀರು ಬಿಡುವ ರಬ್ಬರ್ ಕೊಳವೆಯನ್ನೇ ರಿಮ್ಮಿಗೆ ಸುತ್ತಿಕೊಂಡವರಿದ್ದರು.

ಇಂಥದೇ ಪರಿಸ್ಥಿತಿ ಮತ್ತೊಮ್ಮೆ ಬಂದದ್ದು ಕ್ಯೂಬಾ ದೇಶಕ್ಕೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಅಲ್ಲಿಂದ ಬರುತ್ತಿದ್ದ ತೈಲ ನಿಂತಾಗ ಕ್ಯೂಬಾ ಚೀನಾದಿಂದ ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್ ತರಿಸಿಕೊಂಡಿತು. ತೈಲ ನಿಂತಾಗ ಮನುಷ್ಯ ಮತ್ತೆ ತನ್ನ ಕಾಲನ್ನೂ ಎರಡು ಚಕ್ರವನ್ನೂ ನೆನೆಸಿಕೊಳ್ಳುತ್ತಾನೆ.

ಎಳೆಯದೆ ತಳ್ಳಿದವರು

ಹಾಗಾದರೆ ಹೊರೆ ಸಾಗಿಸಲು ಎಲ್ಲೆಡೆಯೂ ಹಿಂದಿನ ಗಾಡಿಯೇ ಸರಿಯೇ? ಅಲ್ಲ. ಇದಕ್ಕೆ ವಿಯೆಟ್ನಾಂ ಒಳ್ಳೆಯ ಸಾಕ್ಷಿ.

1954ರಲ್ಲಿ ವಿಯೆಟ್ನಾಮಿನ ವಾಯವ್ಯದ ಬೆಟ್ಟಗಳ ನಡುವೆ ದಿಯನ್ ಬಿಯೆನ್ ಫು ಎಂಬ ಕಣಿವೆಯಲ್ಲಿ ಫ್ರೆಂಚ್ ಸೈನ್ಯ ಕೋಟೆ ಕಟ್ಟಿಕೊಂಡು ಕುಳಿತಿತ್ತು. ಅಷ್ಟು ದುರ್ಗಮವಾದ ಜಾಗಕ್ಕೆ ವಿಯೆಟ್ನಾಮಿನವರು ದೊಡ್ಡ ಸೈನ್ಯಕ್ಕೆ ಬೇಕಾದ ಅಕ್ಕಿ, ಮದ್ದುಗುಂಡು ಸಾಗಿಸಲಾರರು ಎನ್ನುವುದು ಫ್ರೆಂಚ್ ಅಧಿಕಾರಿಗಳ ಲೆಕ್ಕ. ಆ ಲೆಕ್ಕ ತಪ್ಪಿತು. ಜನರಲ್ ವೋ ನ್ಗುಯೆನ್ ಗಿಯಾಪ್ ಅವರ ಸೈನ್ಯಕ್ಕೆ ಲಾರಿಗಳೂ ಇದ್ದವು. ಆದರೆ ಲಾರಿ ಹೋಗದ ಕಡೆ ಹೆಗಲ ಮೇಲೆ ಹೊತ್ತವರು, ದೋಣಿ ನಡೆಸಿದವರು, ಸೈಕಲ್ ತಳ್ಳಿದವರು ಬಹುಪಾಲು ಹಳ್ಳಿಯ ರೈತರು. ವಿಯೆಟ್ನಾಮಿನವರ ಲೆಕ್ಕದಂತೆ ಈ ಕೆಲಸಕ್ಕೆ ಇಳಿದ ಸೈಕಲ್ಲುಗಳು 20,000ಕ್ಕೂ ಹೆಚ್ಚು. ಮಾರ್ಚ್ 13ರಂದು ಆರಂಭವಾದ ಯುದ್ಧ ಮೇ 7ರಂದು ಫ್ರೆಂಚರ ಸೋಲಿನಲ್ಲಿ ಮುಗಿಯಿತು.

ಆ ಸೈಕಲ್ಲುಗಳನ್ನು ಅವರು ತುಳಿಯಲಿಲ್ಲ, ತಳ್ಳಿದರು. ಹ್ಯಾಂಡಲ್ಲಿನ ಒಂದು ಕಡೆಗೆ ಉದ್ದದ ಬಿದಿರು ಅಥವಾ ಮರದ ಕೋಲು ಕಟ್ಟಿ ಪಕ್ಕದಲ್ಲಿ ನಡೆಯುತ್ತಲೇ ದಿಕ್ಕು ತಿರುಗಿಸುವಂತೆ ಮಾಡಿಕೊಂಡರು. ಸೀಟಿನ ಹಿಂದೆ ನೆಟ್ಟಗೆ ಇನ್ನೊಂದು ಕೋಲು, ತಳ್ಳುವುದಕ್ಕೂ ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುವುದಕ್ಕೂ. ಹೊರೆ ತಡೆಯಲೆಂದು ಚೌಕಟ್ಟಿಗೆ ಮರದ ಆಸರೆ. ಟ್ಯೂಬು ಒಡೆಯದಿರಲೆಂದು ಹಳೆಯ ಬಟ್ಟೆ ಹರಿದು ಟೈರಿನೊಳಗೆ ಸುತ್ತಿದರು. ಹೀಗೆ ತಯಾರಾದ ಒಂದೊಂದು ಸೈಕಲ್ 200 ಕಿಲೋ ಆಸುಪಾಸು ಹೊತ್ತಿತು. ಕೆಲವರು 300 ಕಿಲೋ ದಾಟಿಸಿದ್ದೂ ದಾಖಲಾಗಿದೆ. ಒಬ್ಬ ಮನುಷ್ಯ ಹೆಗಲ ಮೇಲೆ ಹೊರಬಹುದಾದ ಹೊರೆಯ ಎಷ್ಟೋ ಪಟ್ಟು ಇದು. ವಿಚಿತ್ರವೆಂದರೆ ಆ ಸೈಕಲ್ಲುಗಳಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯವೂ ಇದ್ದವು. ಫ್ರಾನ್ಸಿನ ಸೈಕಲ್ಲೇ ಫ್ರೆಂಚ್ ಸೈನ್ಯದ ಸೋಲಿಗೆ ಅಕ್ಕಿ ಹೊತ್ತಿತು.

ಅವರು ಹಿಂದೆ ಗಾಡಿ ಕಟ್ಟಿಕೊಳ್ಳಲಿಲ್ಲ ಯಾಕೆ? ದಾರಿ ನೋಡಿ. ಕಾಡಿನ ಕಾಲುದಾರಿಯಲ್ಲಿ ಎರಡು ಚಕ್ರ ಅಕ್ಕಪಕ್ಕ ಹೋಗುವಷ್ಟು ಅಗಲವಿಲ್ಲ. ಒಂದರ ಹಿಂದೆ ಒಂದಿರುವ ಸೈಕಲ್ ಚಕ್ರಕ್ಕೆ ಒಂದು ಗೇಣು ದಾರಿ ಸಾಕು. ಫ್ರಾನ್ಸಿನಲ್ಲಿ ರಸ್ತೆ ಚೆನ್ನಾಗಿತ್ತು, ಗಾಡಿ ಕಟ್ಟಿದರು. ವಿಯೆಟ್ನಾಮಿನಲ್ಲಿ ರಸ್ತೆ ಇರಲಿಲ್ಲ, ತಳ್ಳಿದರು. ಆಫ್ರಿಕಾದ ಕಾಂಗೋ ದೇಶದ ಗೋಮಾ ಊರಿನ ಸುತ್ತ ‘ಚುಕುಡು’ ಎಂಬ ಮರದ ಗಾಡಿ ಇದೆ. ಎರಡು ಮರದ ಚಕ್ರ, ಒಂದು ಹಲಗೆ, ಒಂದು ಹಿಡಿಕೆ. ಪೆಡಲ್ಲೂ ಇಲ್ಲ, ಚೈನೂ ಇಲ್ಲ. ಚಕ್ರಕ್ಕೆ ಹಳೆಯ ಟೈರಿನ ತುಂಡು ಬಡಿದಿರುತ್ತಾರೆ. ಬೆಟ್ಟದ ಮೇಲಿನ ಹಳ್ಳಿಗಳಿಂದ ಇಳಿಜಾರಿನಲ್ಲಿ ಆಲೂಗಡ್ಡೆ, ಇದ್ದಿಲು ಹೇರಿಕೊಂಡು ಜಾರಿ ಬರುತ್ತಾರೆ. ಏರಿನಲ್ಲಿ ತಳ್ಳುತ್ತಾರೆ. ಇದೆಲ್ಲ ಊರಿನ ಬಡಗಿಗಳ ಕೈಕೆಲಸ, ಯಾವ ಕಾರ್ಖಾನೆಯದೂ ಅಲ್ಲ. ದಾರಿ ಹೇಗೋ ಗಾಡಿ ಹಾಗೆ ಎನ್ನುವುದು ನಮ್ಮ ಎರಡನೆಯ ಪಾಠ.

ನಮ್ಮ ದೇಶದಲ್ಲಿ

ಭಾರತಕ್ಕೆ ಸೈಕಲ್ ಬಂದದ್ದು ಬ್ರಿಟಿಷರ ಜೊತೆ, ಹಡಗಿನಲ್ಲಿ. ರಾಲೆ, ಹರ್ಕ್ಯುಲಿಸ್, ಬಿಎಸ್ಎ, ಹಂಬರ್ ಎಂಬ ಹೆಸರುಗಳು ಹಳೆಯ ಮೇಷ್ಟ್ರುಗಳ ಬಾಯಲ್ಲಿ ಈಗಲೂ ಕೇಳುತ್ತವೆ. ಸ್ವಾತಂತ್ರ್ಯದ ನಂತರ ಇಲ್ಲೇ ಕಾರ್ಖಾನೆಗಳು ಎದ್ದವು. 1949ರಲ್ಲಿ ಮದ್ರಾಸಿನ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ. ಆಮೇಲೆ ಹಾಲಿನವರು, ಅಂಚೆಯವರು, ಸೊಪ್ಪಿನವರು, ಐಸ್‌ಕ್ಯಾಂಡಿಯವರು ಎಲ್ಲರ ಬಾಳೂ ಸೈಕಲ್ಲಿನ ಮೇಲೆ ನಡೆಯಿತು. ಕಾಲವೂ ಹಾಗೇ ತಿರುಗಿತು. ಅಟ್ಲಾಸ್ ಕಂಪನಿ ತನ್ನ ಸಾಹಿಬಾಬಾದಿನ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಆ ದಿನ ವಿಶ್ವಸಂಸ್ಥೆ 2018ರಲ್ಲಿ ಘೋಷಿಸಿದ ವಿಶ್ವ ಸೈಕಲ್ ದಿನ!

ನಮ್ಮ ದೇಶದ ಹೊರೆ ಸೈಕಲ್ಲಿನ ಎರಡು ಚಿತ್ರಗಳನ್ನು ಮಕ್ಕಳಿಗೆ ಹೇಳಲೇಬೇಕು. ಮೊದಲನೆಯದು ತಿರುವನಂತಪುರದ ಬಳಿಯ ತುಂಬಾದ್ದು. 1963ರ ನವೆಂಬರ್ 21ರಂದು ಅಲ್ಲಿಂದ ಭಾರತದ ನೆಲದ ಮೊದಲ ರಾಕೆಟ್ ಹಾರಿತು. ಕೆಲವು ವರ್ಷಗಳಲ್ಲಿ ಅಲ್ಲಿಗೆ ಬಂದ ಫ್ರಾನ್ಸಿನ ಪ್ರಸಿದ್ಧ ಛಾಯಾಗ್ರಾಹಕ ಹೆನ್ರಿ ಕಾರ್ಟಿಯೆ ಬ್ರೆಸೋನ್ ಒಂದು ಚಿತ್ರ ತೆಗೆದರು. ರಾಕೆಟ್ಟಿನ ಮೂತಿಯನ್ನು ಸೈಕಲ್ ಕ್ಯಾರಿಯರ್ ಮೇಲಿಟ್ಟು ಸಾಗಿಸುತ್ತಿರುವ ಚಿತ್ರ. ಅದನ್ನು ನೋಡಿ ನಗುವವರಿದ್ದಾರೆ. ನಮಗೆ ಅದರಲ್ಲಿ ನಗುವಂಥದ್ದು ಕಾಣದು. ಕೈಯಲ್ಲಿರುವುದರಿಂದಲೇ ಕೆಲಸ ಶುರು ಮಾಡಿದವರ ಚಿತ್ರ ಅದು.

ಎರಡನೆಯದು ಜಾರ್ಖಂಡಿನದು. ಅಲ್ಲಿ ಗಣಿಯ ಸುತ್ತಲಿಂದ ಆಯ್ದ ಕಲ್ಲಿದ್ದಲನ್ನು ಸೈಕಲ್ಲಿನ ಮೇಲೆ ಹೇರಿ ದೂರದ ಪೇಟೆಗೆ ತಳ್ಳಿಕೊಂಡು ಹೋಗಿ ಮಾರುವ ಬಡವರಿದ್ದಾರೆ. ಒಂದು ಸೈಕಲ್ಲಿನ ಮೇಲೆ 200 ಕಿಲೋ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಪತ್ರಕರ್ತ ಪಿ. ಸಾಯಿನಾಥ್ 1996ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಇವರ ಬಗ್ಗೆ ಬರೆದರು. ವಿಯೆಟ್ನಾಮಿನಲ್ಲಿ ಜನ ಸೈಕಲ್ ತಳ್ಳಿದ್ದು ಒಂದು ಯುದ್ಧ ಗೆಲ್ಲಲು. ಇಲ್ಲಿ ತಳ್ಳುವುದು ಅಂದಿನ ಊಟಕ್ಕೆ. ಸೈಕಲ್ಲಿನ ಹೊರೆಯ ಚರಿತ್ರೆ ಎಂದರೆ ಬರೀ ಜಾಣತನದ ಚರಿತ್ರೆಯಲ್ಲ, ಬೆನ್ನು ಮೂಳೆ ಸವೆದವರ ಚರಿತ್ರೆಯೂ ಹೌದು. ಎಷ್ಟು ಹೊರಬಹುದು ಎನ್ನುವುದಕ್ಕಿಂತ ಎಷ್ಟು ಹೊರಿಸಬಾರದು ಎನ್ನುವುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಇದು ಮೂರನೆಯ ಪಾಠ. ಇದನ್ನು ಓದಿದ ದಿನವೇ ನಮ್ಮ ಗಾಡಿಗೆ 40 ಕಿಲೋ ಮಿತಿ ಎಂದು ಗೋಡೆಯ ಮೇಲೆ ಬರೆದೆವು.

ಇನ್ನೊಂದು ಮಾತು. ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದ ಸಾಕ್ಷರತಾ ಆಂದೋಲನದಲ್ಲಿ ಹೆಂಗಸರಿಗೆ ಅಕ್ಷರದ ಜೊತೆ ಸೈಕಲ್ ಕಲಿಸಿದರು. ಆಗ ಅಲ್ಲಿ ಜಿಲ್ಲಾಧಿಕಾರಿಯಾಗಿದ್ದವರು ಶೀಲಾ ರಾಣಿ ಚುಂಕತ್. ಸಾವಿರಾರು ಮಹಿಳೆಯರು ಕಲಿತರು. ನೀರಿನ ಕೊಡ, ಸೌದೆ, ಮಾರುವ ಸರಕು ತಲೆಯಿಂದ ಸೈಕಲ್ಲಿಗೆ ಇಳಿಯಿತು. ಕರ್ನಾಟಕದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಲು ಆರಂಭಿಸಿದಾಗ ಗಡಿಯಾಚೆ ನಮ್ಮ ನೆಂಟರ ಮಕ್ಕಳು ಹೊಸ ಸೈಕಲ್ ತುಳಿದದ್ದು ನಮಗೆ ನೆನಪಿದೆ. ಆದ್ದರಿಂದ ನಮ್ಮ ಗಾಡಿಯನ್ನು ಮೊದಲು ಎಳೆಯುವವರು ಹುಡುಗಿಯರೇ ಎಂದೂ ತೀರ್ಮಾನವಾಯಿತು.

ಗಾಡಿ ಕಟ್ಟಿದ ಬಗೆ

ಈಗ ನಮ್ಮ ಕೆಲಸಕ್ಕೆ ಬರೋಣ. ನಮ್ಮದು ಗುಂಡಿ ಬಿದ್ದ ಡಾಂಬರು ಮತ್ತು ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಬೆಟ್ಟವಿಲ್ಲ, ಅಗಲಕ್ಕೆ ಕೊರತೆಯಿಲ್ಲ. ಹಾಗಾಗಿ ಅಕ್ಕಪಕ್ಕ ಎರಡು ಚಕ್ರದ ಗಾಡಿ.

ಚಕ್ರಗಳು ಗುಜರಿ ಅಂಗಡಿಯ ಎರಡು ಮಕ್ಕಳ ಸೈಕಲ್ಲಿನ ಮುಂಚಕ್ರಗಳು, 20 ಇಂಚಿನವು. ದೊಡ್ಡ ಚಕ್ರ ಯಾಕೆ ಬೇಡ ಎಂಬುದಕ್ಕೆ ಕಾರಣವಿದೆ. ಸೈಕಲ್ ತಿರುವಿನಲ್ಲಿ ಒಳಕ್ಕೆ ವಾಲುತ್ತದೆ, ಆದ್ದರಿಂದ ಚಕ್ರಕ್ಕೆ ಅಡ್ಡ ಒತ್ತಡ ಬೀಳುವುದು ಕಡಿಮೆ. ಗಾಡಿ ವಾಲುವುದಿಲ್ಲ. ತಿರುವಿನಲ್ಲಿ ಹೊರೆ ಚಕ್ರವನ್ನು ಪಕ್ಕಕ್ಕೆ ಒತ್ತುತ್ತದೆ. ಕಡ್ಡಿಯ ಚಕ್ರ ಮೇಲಿನ ಭಾರಕ್ಕೆ ಗಟ್ಟಿ, ಅಡ್ಡ ಒತ್ತಡಕ್ಕೆ ಮೆದು. ಚಿಕ್ಕ ಚಕ್ರವಾದರೆ ಅದು ತಾಳುವುದು ಹೆಚ್ಚು, ಹೊರೆಯೂ ನೆಲಕ್ಕೆ ಹತ್ತಿರವಿರುತ್ತದೆ, ಗಾಡಿ ಮಗುಚುವುದಿಲ್ಲ.

ಸೈಕಲ್ಲಿನ ಮುಂಚಕ್ರದ ಅಚ್ಚು ತೆಳ್ಳಗಿರುತ್ತದೆ, ಎರಡೂ ತುದಿಯಲ್ಲಿ ಹಿಡಿತ ಬೇಕು. ಒಂದೇ ಕಡೆ ಹಿಡಿದರೆ ಭಾರಕ್ಕೆ ಬಾಗುತ್ತದೆ. ಹಾಗಾಗಿ ಚೌಕಟ್ಟಿಗೆ ಉದ್ದಕ್ಕೆ ಎರಡಲ್ಲ, ನಾಲ್ಕು ಕಬ್ಬಿಣದ ಚೌಕ ಪೈಪು ಹಾಕಿ, ಪ್ರತಿ ಚಕ್ರವನ್ನೂ ಎರಡು ಪೈಪುಗಳ ನಡುವೆ ಕೂರಿಸಿದೆವು. ವೆಲ್ಡಿಂಗ್ ಕೆಲಸ ಊರಿನ ಅಂಗಡಿಯಲ್ಲಿ ಆಯಿತು. ಅಗಲ 65 ಸೆಂಟಿಮೀಟರ್. ಮೇಲೆ ಹಳೆಯ ಬೆಂಚಿನ ಹಲಗೆ. ಹಿಂದೆ ಕೆಂಪು ರಿಫ್ಲೆಕ್ಟರ್. ಸೈಕಲ್ಲಿನ ಬಲಗಡೆ ಚೈನ್ ಇರುವುದರಿಂದ ಎಳೆಯುವ ಪೈಪನ್ನು ಬಾಗಿಸಿ ಎಡಗಡೆ, ಹಿಂಚಕ್ರದ ಅಚ್ಚಿನ ಪಕ್ಕಕ್ಕೆ ತಂದೆವು. ಕೊಂಡಿ ಕೆಳಗಿದ್ದಷ್ಟೂ ಗಾಡಿ ಸೈಕಲ್ಲನ್ನು ಕೆಡವುವ ಭಯ ಕಡಿಮೆ.

ಕೊಂಡಿಯೇ ಕಷ್ಟದ ಭಾಗ. ಅದು ಮೂರು ಬಗೆಯಲ್ಲಿ ತಿರುಗಬೇಕು. ಸೈಕಲ್ ಎಡಕ್ಕೆ ಬಲಕ್ಕೆ ತಿರುಗಿದಾಗ ಒಂದು. ಉಬ್ಬು ತಗ್ಗಿನಲ್ಲಿ ಮೇಲೆ ಕೆಳಗೆ ಆದಾಗ ಎರಡು. ಸೈಕಲ್ ವಾಲಿದಾಗ ಗಾಡಿ ನೆಟ್ಟಗೇ ಇರಬೇಕಲ್ಲ, ಅದು ಮೂರು. ನಾವು ದಪ್ಪ ರಬ್ಬರ್ ಪೈಪಿನ ಒಂದು ಚಿಕ್ಕ ತುಂಡನ್ನು ಎರಡೂ ಕಡೆ ಕ್ಲಾಂಪ್ ಹಾಕಿ ಬಿಗಿದೆವು. ರಬ್ಬರು ಮೂರೂ ಕಡೆ ಬಾಗುತ್ತದೆ. ಬೆತ್ತದ ಕುರ್ಚಿಯವರ ಪಾಠ ನೆನಪಿಟ್ಟು ಜೊತೆಗೆ ಒಂದು ಸರಪಳಿಯನ್ನೂ ಕಟ್ಟಿದೆವು.

ಮೊದಲ ದಿನ ಶಾಲೆಯ ಅಂಗಳದಲ್ಲೇ ಸೋತೆವು. ಮರಳಿನ ಚೀಲಗಳನ್ನು ಹಿಂದೆ ಹಿಂದೆ ಸರಿಸಿ ಇಟ್ಟಿದ್ದೆವು, ಮುಂದೆ ಸೈಕಲ್ಲಿಗೆ ಭಾರ ಬೀಳದಿರಲಿ ಎಂದು. ಹುಡುಗಿ ಎರಡು ಸುತ್ತು ತುಳಿಯುವಷ್ಟರಲ್ಲಿ ಗಾಡಿ ಹಿಂದಕ್ಕೆ ಕುಕ್ಕರಿಸಿ, ಎಳೆಯುವ ಪೈಪು ಸೈಕಲ್ಲಿನ ಹಿಂಭಾಗವನ್ನೇ ಮೇಲೆತ್ತಿತು. ಹಿಂಚಕ್ರಕ್ಕೆ ನೆಲದ ಹಿಡಿತ ತಪ್ಪಿ ಸೈಕಲ್ ಅಡ್ಡ ಬಿತ್ತು. ಮಂಡಿ ತರಚಿತು. ದೇವರ ದಯೆ, ಅಷ್ಟರಲ್ಲೇ ಮುಗಿಯಿತು.

ಬೇಲಿಯಾಚೆ ನಿಂತು ನೋಡುತ್ತಿದ್ದ ಹಿರಿಯರೊಬ್ಬರು ಒಳಗೆ ಬಂದರು. ಒಂದು ಕಾಲದಲ್ಲಿ ಗಾಡಿ ಕಟ್ಟುತ್ತಿದ್ದ ಬಡಗಿ ಅವರು. “ಹಿಂಭಾರ ಆಗಿದೆ ಮೇಷ್ಟ್ರೇ. ಎತ್ತಿನ ಗಾಡಿಗೂ ಹಿಂಗೇ ಹೇರಿದ್ರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆ ಬಿಗಿಯುತ್ತೆ. ಒಂಚೂರು ಮೂಕಿ ಭಾರ ಇರಬೇಕು. ಜಾಸ್ತಿ ಆದ್ರೂ ಎತ್ತಿನ ಹೆಗಲು ಹೋಗುತ್ತೆ” ಎಂದರು. ಎರಡು ಚೀಲವನ್ನು ಅಚ್ಚಿನಿಂದ ಸ್ವಲ್ಪ ಮುಂದಕ್ಕೆ ಸರಿಸಿ, ಪೈಪಿನ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, “ಈಗ ತುಳೀಲಿ” ಎಂದರು. ಗಾಡಿ ಹೊರಟಿತು. ತರಗತಿಯಲ್ಲಿ ಕೇಳಿದ ಪ್ರಶ್ನೆ ಹುಟ್ಟಿದ್ದು ಆ ಸಂಜೆಯಿಂದ.

ಮರುದಿನ ಇದನ್ನೇ ಲೆಕ್ಕ ಮಾಡಿಸಿದೆವು. ಅಚ್ಚಿನಿಂದ ಕೊಂಡಿಗೆ 120 ಸೆಂಟಿಮೀಟರ್. ಹೊರೆ 40 ಕಿಲೋ. ಹೊರೆಯ ನಡುಬಿಂದು ಅಚ್ಚಿನಿಂದ 12 ಸೆಂಟಿಮೀಟರ್ ಮುಂದಿದ್ದರೆ ಕೊಂಡಿಯ ಮೇಲೆ ಬೀಳುವ ಭಾರ 40 ಗುಣಿಸು 12, ಭಾಗಿಸು 120. ಅಂದರೆ 4 ಕಿಲೋ, ಹೊರೆಯ ಹತ್ತರಲ್ಲಿ ಒಂದು ಪಾಲು. ಎಳೆಯುವ ಗಾಡಿಗಳಿಗೆ ಎಂಜಿನಿಯರುಗಳು ಸಾಮಾನ್ಯವಾಗಿ ಹೇಳುವ ಪ್ರಮಾಣವೂ ಹೆಚ್ಚು ಕಡಿಮೆ ಇದೇ. ಅಂಗಡಿಯ ತಕ್ಕಡಿ ತಂದು ತೂಗಿದೆವು, ಸರಿ ಬಂತು. ಹಿರಿಯರ ಎರಡು ಬೆರಳು ಹೇಳಿದ್ದೂ ಅದನ್ನೇ.

ಮಾತೂ ಒಂದು ಹೊರೆ

ಈ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ಹರಪ್ಪ ಕಾಲದ ಊರುಗಳಲ್ಲಿ ಸುಟ್ಟ ಮಣ್ಣಿನ ಆಟದ ಗಾಡಿಗಳು ಸಿಕ್ಕಿವೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಮಕ್ಕಳು ಆಡಿದ ಗಾಡಿಗಳವು. ಇತ್ತೀಚಿನ ಕಾಲದಲ್ಲಿ ಎತ್ತಿನ ಗಾಡಿಯನ್ನು ಗಂಭೀರವಾಗಿ ಓದಿದವರೂ ಇದ್ದಾರೆ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗೆ ವರ್ಷಗಟ್ಟಲೆ ದುಡಿದರು. ಗಾಡಿ ಹಗುರವಾಗಬೇಕು, ಚಕ್ರ ಸಲೀಸಾಗಿ ತಿರುಗಬೇಕು, ನೊಗ ಎತ್ತಿನ ಹೆಗಲನ್ನು ಗಾಯ ಮಾಡಬಾರದು ಎಂಬುದು ಅವರ ವಾದ. ದೊಡ್ಡ ಕಂಪನಿಗಳ ಮ್ಯಾನೇಜರುಗಳನ್ನು ತಯಾರಿಸುವ ಸಂಸ್ಥೆಯ ಮುಖ್ಯಸ್ಥರೊಬ್ಬರು ಎತ್ತಿನ ಹೆಗಲಿನ ಬಗ್ಗೆ ಯೋಚಿಸಿದರು ಎಂಬುದನ್ನು ಮಕ್ಕಳಿಗೆ ಹೇಳಬೇಕು.

ಆ ಹಿರಿಯರನ್ನು ಒಂದು ಶನಿವಾರ ತರಗತಿಗೆ ಕರೆದೆವು. ಅಚ್ಚು, ಗುಂಬ, ಅರೆ, ಕಡಾಣಿ, ಮೂಕಿ, ನೊಗ ಎಂದು ಅವರು ಒಂದೊಂದಾಗಿ ಹೇಳಿದರು, ಮಕ್ಕಳು ಚಿತ್ರ ಬರೆದು ಹೆಸರು ಬರೆದುಕೊಂಡರು. ನಂತರ ನಮ್ಮ ಪುಟ್ಟ ಗಾಡಿಗೂ ಅದೇ ಹೆಸರು ಬಂದವು. ಎಳೆಯುವ ಪೈಪಿಗೆ ಮಕ್ಕಳು ಈಗ ಮೂಕಿ ಎನ್ನುತ್ತಾರೆ. ಕೊಂಡಿಯ ಪಿನ್ನಿಗೆ ಕಡಾಣಿ ಎನ್ನುತ್ತಾರೆ. ಇದು ಹಟದಿಂದ ಮಾಡಿಸಿದ್ದಲ್ಲ, ಕೆಲಸ ಮಾಡುವಾಗ ತಾನಾಗಿ ಬಂದದ್ದು.

ಗಡಿಯಲ್ಲಿರುವ ನಮಗೆ ಇದು ಸಣ್ಣ ಮಾತಲ್ಲ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಅರ್ಜಿಯಲ್ಲಿ ಇಂಗ್ಲಿಷ್. ಕನ್ನಡ ಪುಸ್ತಕದಲ್ಲಿ ಉಳಿಯುತ್ತದೆ ಎಂದು ನಾವು ನಂಬಿದ್ದೇವೆ. ಪುಸ್ತಕ ಬೇಕೇ ಬೇಕು, ಅದನ್ನು ತರಲೆಂದೇ ಈ ಗಾಡಿ ಕಟ್ಟಿದ್ದು. ಆದರೆ ಕೈ ಕೆಲಸ ಬಿಟ್ಟಾಗ ಆ ಕೆಲಸದ ಮಾತೂ ಬಿಟ್ಟು ಹೋಗುತ್ತದೆ. ಕೈ ಮತ್ತೆ ಕೆಲಸ ಹಿಡಿದರೆ ಕೆಲವು ಮಾತಾದರೂ ಹಿಂದೆ ಬರುತ್ತವೆ. ಎತ್ತಿನ ಗಾಡಿ ಮರಳಿ ಬರಲಿ ಎಂದು ನಾವು ಹೇಳುತ್ತಿಲ್ಲ. ಎಂಟನೇ ತರಗತಿಯ ಮಕ್ಕಳು ಒಂದು ಯಂತ್ರದ ಆರು ಭಾಗಗಳನ್ನು ತಮ್ಮ ಭಾಷೆಯಲ್ಲಿ ಹೆಸರಿಡಿದು ಕರೆಯಬಲ್ಲರು, ಅವು ಏಕೆ ಹಾಗಿವೆ ಎಂದು ಲೆಕ್ಕ ಹಾಕಿ ಹೇಳಬಲ್ಲರು ಎಂಬುದಷ್ಟೇ ನಮ್ಮ ಸಂತೋಷ.

ಈ ಸಲ ಪುಸ್ತಕದ ಕಟ್ಟುಗಳು ಎರಡು ಸಲದಲ್ಲಿ ಬಂದವು. ಇಳಿಜಾರಿನಲ್ಲಿ ಇಳಿದು ನಡೆಯಬೇಕು ಎಂಬ ನಿಯಮವನ್ನು ಎಲ್ಲರೂ ಪಾಲಿಸಿದರು, ಯಾಕೆಂದರೆ ಬ್ರೇಕ್ ಸೈಕಲ್ಲಿಗೆ ಮಾತ್ರ ಇದೆ, ಹಿಂದಿನ 40 ಕಿಲೋ ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಉಳಿದ ದಿನ ಗಾಡಿ ಬಿಸಿಯೂಟದ ತರಕಾರಿಗೆ, ಗಿಡಗಳ ನೀರಿಗೆ ಓಡುತ್ತದೆ. ನಿಮ್ಮ ಊರಿನಲ್ಲೂ ಗಾಡಿ ಕಟ್ಟಿದ ಹಿರಿಯರು ಯಾರಾದರೂ ಇದ್ದರೆ ಈ ವಾರವೇ ಶಾಲೆಗೆ ಕರೆಯಿರಿ. ಅಚ್ಚು, ಮೂಕಿಗಳಿಗೆ ನಿಮ್ಮ ಕಡೆ ಬೇರೆ ಹೆಸರಿದ್ದರೆ ಮಕ್ಕಳಿಂದ ಬರೆಸಿ ನಮಗೂ ತಿಳಿಸಿ. ಆ ಹೆಸರುಗಳನ್ನು ನಮ್ಮ ಚಿತ್ರದ ಪಕ್ಕದಲ್ಲಿ ಸೇರಿಸಿಕೊಳ್ಳುತ್ತೇವೆ.